ಬೀಗವನ್ನು ಎಲ್ಲಿ ಪರೀಕ್ಷಿಸಬೇಕು?



ಬೀಗ ತಯಾರಿಸುವವನು ತನ್ನ ಬೀಗ ಸರಿಯಾಗಿದೆಯೇ ಎಂದು ತಿಳಿಯಲು ಏನು ಮಾಡುತ್ತಾನೆ? ಅದನ್ನು ನೇರವಾಗಿ ಬ್ಯಾಂಕಿನ ಖಜಾನೆಯ ಬಾಗಿಲಿಗೆ ಹಾಕಿ, 'ಒಂದು ವಾರ ನೋಡೋಣ' ಎನ್ನುವುದಿಲ್ಲ. ತನ್ನ ಮಳಿಗೆಯಲ್ಲಿಯೇ ಒಂದು ಹಲಗೆಗೆ ಅದನ್ನು ಜೋಡಿಸುತ್ತಾನೆ. ಸರಿಯಾದ ಕೀಲಿಕೈ ಹಾಕಿ ತೆರೆದು ನೋಡುತ್ತಾನೆ. ಅಷ್ಟಕ್ಕೇ ನಿಲ್ಲಿಸದೆ ಬೇರೆ ಬೇರೆ ಕೀಲಿಕೈಗಳನ್ನೂ ಹಾಕಿ, ಅವುಗಳಿಗೆ ಬೀಗ ತೆರೆಯುವುದಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳುತ್ತಾನೆ.

ಇಂದು ನಾವು ಕಬ್ಬಿಣವಿಲ್ಲದ ಬೀಗವೊಂದರ ವಿಚಾರವಾಗಿ ಮಾತನಾಡೋಣ. ಬ್ಯಾಂಕು, ಆಸ್ಪತ್ರೆ, ಕಾರ್ಖಾನೆ, ಸರಕಾರಿ ಕಚೇರಿ, ಎಲ್ಲೆಡೆಯೂ ಮಾಹಿತಿ ಈಗ ಗಣಕಯಂತ್ರದಲ್ಲಿದೆ. ಯಾರು ಯಾವ ಮಾಹಿತಿಯನ್ನು ನೋಡಬಹುದು, ಯಾರು ತಿದ್ದಬಹುದು, ಯಾರು ಅಳಿಸಬಹುದು ಎಂಬುದನ್ನು ನಿರ್ಧರಿಸುವ ತಂತ್ರಾಂಶಕ್ಕೆ ಪ್ರವೇಶ ನಿಯಂತ್ರಣ ತಂತ್ರಾಂಶ ಎಂದು ಹೆಸರು. ಅದು ಎರಡು ಪ್ರಶ್ನೆಗಳನ್ನು ಕೇಳುತ್ತದೆ. ಮೊದಲನೆಯದು, 'ನೀನು ಯಾರು?' ಎರಡನೆಯದು, 'ನಿನಗೆ ಇಲ್ಲಿ ಏನು ಮಾಡಲು ಅನುಮತಿ ಇದೆ?' ಪಾಸ್‌ವರ್ಡ್, ಬೆರಳಚ್ಚು, ಮೊಬೈಲಿಗೆ ಬರುವ ಅಂಕಿ, ಇವೆಲ್ಲ ಮೊದಲನೆಯ ಪ್ರಶ್ನೆಗೆ ಉತ್ತರ. ಎರಡನೆಯ ಪ್ರಶ್ನೆಗೆ ಉತ್ತರ ಸಂಸ್ಥೆಯ ನಿಯಮಾವಳಿಯಲ್ಲಿರುತ್ತದೆ.

ಒಂದು ಕಾಲೇಜನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ವಿದ್ಯಾರ್ಥಿ, ಅಧ್ಯಾಪಕ, ವಿಭಾಗದ ಮುಖ್ಯಸ್ಥ, ಕಚೇರಿ ಗುಮಾಸ್ತ, ಗ್ರಂಥಪಾಲಕ, ಪ್ರಾಂಶುಪಾಲ ಎಂದು ಆರು ಪಾತ್ರಗಳಿವೆ ಎನ್ನೋಣ. ಅಂಕ ನೋಡುವುದು, ಅಂಕ ತುಂಬುವುದು, ಶುಲ್ಕದ ರಸೀದಿ ಕೊಡುವುದು, ಹಾಜರಾತಿ ತಿದ್ದುವುದು, ಹೀಗೆ ಇಪ್ಪತ್ತು ಕೆಲಸಗಳಿವೆ ಎನ್ನೋಣ. ಹಾಳೆಯ ಮೇಲೆ ಒಂದು ಕೋಷ್ಟಕ ಬರೆದರೆ ಆರು ಸಾಲು, ಇಪ್ಪತ್ತು ಕಂಬ, ಒಟ್ಟು 120 ಮನೆಗಳು. ಪ್ರತಿಯೊಂದು ಮನೆಯಲ್ಲೂ 'ಹೌದು' ಅಥವಾ 'ಇಲ್ಲ' ಎಂದು ಬರೆಯಬೇಕು. ಅನುಮತಿಯನ್ನು ವ್ಯಕ್ತಿಗೆ ಕೊಡದೆ ಪಾತ್ರಕ್ಕೆ ಕೊಡುವ ಈ ಕ್ರಮವನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಡೇವಿಡ್ ಫೆರೈಯೊಲೊ ಮತ್ತು ರಿಚರ್ಡ್ ಕುನ್ 1992ರಲ್ಲಿ ಒಂದು ಪ್ರಬಂಧದಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದರು. ಗುಮಾಸ್ತರಿಗೆ ವರ್ಗವಾದರೆ ಹೊಸ ಗುಮಾಸ್ತರಿಗೆ ಆ ಪಾತ್ರವನ್ನು ಕೊಟ್ಟರಾಯಿತು, ಕೋಷ್ಟಕವನ್ನು ಮುಟ್ಟಬೇಕಾಗಿಲ್ಲ.

ಈ ತಂತ್ರಾಂಶದಲ್ಲಿ ತಪ್ಪಾದರೆ ಏನಾಗುತ್ತದೆ? ಎರಡು ಬಗೆಯ ತಪ್ಪುಗಳಿವೆ. ಅಂಕ ತುಂಬಬೇಕಾದ ಅಧ್ಯಾಪಕರಿಗೆ ಬಾಗಿಲು ತೆರೆಯಲಿಲ್ಲ ಎನ್ನಿ. ಹತ್ತು ನಿಮಿಷದಲ್ಲಿ ಅವರು ಕಚೇರಿಗೆ ಬಂದು ದೂರು ಕೊಡುತ್ತಾರೆ. ಆದರೆ ಅಂಕ ತಿದ್ದುವ ಬಾಗಿಲು ಒಬ್ಬ ವಿದ್ಯಾರ್ಥಿಗೆ ತೆರೆದುಕೊಂಡಿತು ಎನ್ನಿ. ಅವನು ಬಂದು ದೂರು ಕೊಡುತ್ತಾನೆಯೆ? ಬಾಗಿಲು ತೆರೆಯದಿದ್ದರೆ ಗದ್ದಲ. ತೆರೆಯಬಾರದ ಬಾಗಿಲು ತೆರೆದರೆ ಮೌನ. ಬೇರೆ ತಂತ್ರಾಂಶಗಳಲ್ಲಿ ಬಳಸುವವರೇ ತಪ್ಪನ್ನು ಹುಡುಕಿಕೊಡುತ್ತಾರೆ. ಇಲ್ಲಿ ಅದನ್ನು ನಂಬಿ ಕುಳಿತುಕೊಳ್ಳುವಂತಿಲ್ಲ. ನಮ್ಮ 120 ಮನೆಗಳಲ್ಲಿ 35 'ಹೌದು', 85 'ಇಲ್ಲ' ಇದ್ದರೆ, ಹೆಚ್ಚಿನವರು 35ನ್ನು ಪರೀಕ್ಷಿಸಿ ಕೆಲಸ ಮುಗಿಯಿತು ಎನ್ನುತ್ತಾರೆ. ನಿಜವಾದ ಪರೀಕ್ಷೆ ಉಳಿದ 85ರಲ್ಲಿದೆ.

ಹಾಗಾದರೆ ಈ ಪರೀಕ್ಷೆಯನ್ನು ಎಲ್ಲಿ ಮಾಡಬೇಕು? ನಿಜವಾದ ಅಂಕಗಳಿರುವ ಯಂತ್ರದಲ್ಲಿ 'ವಿದ್ಯಾರ್ಥಿಗೆ ಅಂಕ ಅಳಿಸಲು ಬರುತ್ತದೆಯೆ?' ಎಂದು ಪ್ರಯತ್ನಿಸುವುದು ಅಪಾಯ. ಪ್ರಯತ್ನ ಯಶಸ್ವಿಯಾದರೆ ಅಂಕಗಳೇ ಹೋಗುತ್ತವೆ! ಆದ್ದರಿಂದ ದೊಡ್ಡ ಸಂಸ್ಥೆಗಳು ಇಂತಹ ತಂತ್ರಾಂಶಕ್ಕೆ ಮೂರು ಪ್ರತ್ಯೇಕ ನೆಲೆಗಳನ್ನು ಮಾಡಿಕೊಳ್ಳುತ್ತವೆ. ಅವುಗಳನ್ನು ಡೆವಲಪ್‌ಮೆಂಟ್, ಟೆಸ್ಟ್ ಮತ್ತು ಪ್ರೊಡಕ್ಷನ್ ಎನ್ನುತ್ತಾರೆ. ನಾವು ರಚನೆಯ ಕೋಣೆ, ಪರೀಕ್ಷೆಯ ಕೋಣೆ, ಬಳಕೆಯ ಕೋಣೆ ಎಂದು ಕರೆಯೋಣ.

ದೂರದರ್ಶನದ ಕೆಲಸ ಬಲ್ಲವರಿಗೆ ಇದು ಹೊಸದಲ್ಲ. ಬರಹಗಾರರ ಮೇಜಿನ ಮೇಲೆ ಎಷ್ಟು ಬಾರಿ ಬೇಕಾದರೂ ಹೊಡೆದು ಬರೆಯಬಹುದು. ಅದು ರಚನೆಯ ಕೋಣೆ. ಆ ಮೇಲೆ ಸ್ಟುಡಿಯೋದಲ್ಲಿ ತಾಲೀಮು. ಅಲ್ಲಿ ಬೆಳಕು, ಕ್ಯಾಮೆರಾ, ಧ್ವನಿ ಎಲ್ಲವೂ ನಿಜವಾದವೇ, ಆದರೆ ಪ್ರಸಾರವಿಲ್ಲ. ಕೊನೆಗೆ ಬಾಗಿಲ ಮೇಲಿನ ಕೆಂಪು ದೀಪ ಹೊತ್ತಿಕೊಂಡರೆ ನೇರ ಪ್ರಸಾರ. ಆಗ ಯಾರೂ ಬಾಗಿಲು ತಳ್ಳಿಕೊಂಡು ಒಳಗೆ ಬರುವಂತಿಲ್ಲ. ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ನಮ್ಮಲ್ಲಿ ಪ್ರೊಡಕ್ಷನ್ ಎಂದರೆ ಕಾರ್ಯಕ್ರಮದ ತಯಾರಿಕೆ. ತಂತ್ರಾಂಶದವರಲ್ಲಿ ಅದೇ ಮಾತಿಗೆ ಕೆಂಪು ದೀಪ ಹೊತ್ತಿರುವ ಸ್ಥಿತಿ ಎಂದು ಅರ್ಥ.

ಹಿಂದೆ ಈ ಮೂರು ಕೋಣೆಗಳ ಅನುಕೂಲ ಇರಲಿಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಅವರ ಸಂಗಡಿಗರು 1961ರಲ್ಲಿ ಒಂದೇ ಗಣಕಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸುವ ಸಿ.ಟಿ.ಎಸ್.ಎಸ್. ಎಂಬ ವ್ಯವಸ್ಥೆಯನ್ನು ತೋರಿಸಿದರು. ಬಳಸುವವರಿಗೆ ಪಾಸ್‌ವರ್ಡ್ ಕೊಟ್ಟ ಮೊದಲ ವ್ಯವಸ್ಥೆಗಳಲ್ಲಿ ಅದೂ ಒಂದು. 1960ರ ದಶಕದ ಮಧ್ಯದಲ್ಲಿ ಒಂದು ದಿನ ಅಲ್ಲಿ ವಿಚಿತ್ರ ನಡೆಯಿತು. ಯಾರು ಒಳಬಂದರೂ ಅವರ ಮುಂದೆ ದಿನದ ಪ್ರಕಟಣೆಯ ಬದಲು ಎಲ್ಲ ಬಳಕೆದಾರರ ಪಾಸ್‌ವರ್ಡ್‌ಗಳ ಪಟ್ಟಿ ಅಚ್ಚಾಗತೊಡಗಿತು! ಕಾರಣ ಸರಳ. ತಿದ್ದುಪಡಿ ಮಾಡುವ ಕ್ರಮವಿಧಿಯು ತಾತ್ಕಾಲಿಕ ಕಡತಕ್ಕೆ ಯಾವಾಗಲೂ ಒಂದೇ ಹೆಸರನ್ನು ಇಡುತ್ತಿತ್ತು. ಒಂದು ಖಾತೆಯಲ್ಲಿ ಒಮ್ಮೆಗೆ ಒಬ್ಬರೇ ಕೆಲಸ ಮಾಡುತ್ತಾರೆ ಎಂದು ಅದನ್ನು ಬರೆದವರು ಭಾವಿಸಿದ್ದರು. ಅಂದು ವ್ಯವಸ್ಥೆಯ ಖಾತೆಯಲ್ಲಿ ಇಬ್ಬರು ಒಟ್ಟಿಗೆ ಕೆಲಸ ಮಾಡುತ್ತಿದ್ದರು. ಒಬ್ಬರು ಪ್ರಕಟಣೆಯನ್ನು ತಿದ್ದುತ್ತಿದ್ದರು, ಇನ್ನೊಬ್ಬರು ಪಾಸ್‌ವರ್ಡ್ ಪಟ್ಟಿಯನ್ನು ತಿದ್ದುತ್ತಿದ್ದರು. ಎರಡೂ ಅದಲು ಬದಲಾದವು. ಜನರು ಬಳಸುತ್ತಿರುವ ಯಂತ್ರದಲ್ಲಿಯೇ ನೇರವಾಗಿ ಕೈಯಾಡಿಸುವುದು ಅಂದು ಅನಿವಾರ್ಯವಾಗಿತ್ತು. ಗಣಕಯಂತ್ರ ಅಷ್ಟು ದುಬಾರಿ. ಇಂದು ಒಂದೇ ಯಂತ್ರದೊಳಗೆ ಹಲವು ಯಂತ್ರಗಳಿರುವಂತೆ ತಂತ್ರಾಂಶದಿಂದಲೇ ವಿಭಾಗ ಮಾಡಬಹುದು. ದುಬಾರಿ ಎಂಬ ನೆಪ ಈಗ ಉಳಿದಿಲ್ಲ.

ಮೂರು ಕೋಣೆಗಳನ್ನು ಕಟ್ಟುವಾಗ ಒಂದು ಸೂತ್ರವನ್ನು ನೆನಪಿಟ್ಟುಕೊಳ್ಳಿ: ಆಕಾರ ಒಂದೇ ಇರಲಿ, ಒಳಗಿನ ಮಾಹಿತಿ ಬೇರೆ ಇರಲಿ, ಕೀಲಿಕೈ ಬೇರೆ ಇರಲಿ. ಇದನ್ನು ಒಂದೊಂದಾಗಿ ನೋಡೋಣ.

ಆಕಾರ ಒಂದೇ ಇರಬೇಕು ಎಂದರೇನು? ಪರೀಕ್ಷೆಯ ಕೋಣೆಯಲ್ಲಿ ಮೂರು ಪಾತ್ರ, ಬಳಕೆಯ ಕೋಣೆಯಲ್ಲಿ ಆರು ಪಾತ್ರ ಇದ್ದರೆ ಪರೀಕ್ಷೆಗೆ ಅರ್ಥವಿಲ್ಲ. ತಂತ್ರಾಂಶದ ಆವೃತ್ತಿ, ಬಳಕೆದಾರರ ಪಟ್ಟಿಯ ರಚನೆ, ಯಂತ್ರದ ಗಡಿಯಾರ, ಇವೆಲ್ಲ ಹೊಂದಿಕೆಯಾಗಿರಬೇಕು. ಗಡಿಯಾರವೂ ಮುಖ್ಯ, ಏಕೆಂದರೆ ಅನೇಕ ಅನುಮತಿಗಳು 'ಇಷ್ಟು ಗಂಟೆಯವರೆಗೆ' ಎಂದು ಕಾಲಮಿತಿ ಹೊಂದಿರುತ್ತವೆ.

ಒಳಗಿನ ಮಾಹಿತಿ ಬೇರೆ ಇರಬೇಕು ಎಂದರೆ, ಪರೀಕ್ಷೆಗೆ ನಿಜವಾದ ಜನರ ಹೆಸರು, ದೂರವಾಣಿ ಸಂಖ್ಯೆ, ಅಂಕ, ರೋಗದ ವಿವರಗಳನ್ನು ಬಳಸಬಾರದು. ಪರೀಕ್ಷೆಯ ಕೋಣೆಗೆ ಹೊರಗಿನ ಗುತ್ತಿಗೆದಾರರು, ಹೊಸದಾಗಿ ಸೇರಿದವರು, ತರಬೇತಿಗೆ ಬಂದವರು ಎಲ್ಲರೂ ಬಂದು ಹೋಗುತ್ತಾರೆ. ಆದ್ದರಿಂದ ಕಲ್ಪಿತ ಹೆಸರುಗಳನ್ನು ಸೃಷ್ಟಿಸಿಕೊಳ್ಳಬೇಕು. ಇಲ್ಲವೇ ನಿಜವಾದ ಮಾಹಿತಿಯನ್ನು ಗುರುತು ಸಿಗದಂತೆ ಬದಲಾಯಿಸಿಕೊಳ್ಳಬೇಕು. ಇದು ಕೇವಲ ಸದಾಚಾರದ ಮಾತಲ್ಲ. ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿಗೆ ತಕ್ಕ ರಕ್ಷಣೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸುವ ಅವಕಾಶವಿದೆ.

ಇನ್ನು ಕೀಲಿಕೈ. ಮೂರು ಮಾತುಗಳಲ್ಲಿ ಜನ ಹೆಚ್ಚಾಗಿ ಮರೆಯುವುದು ಇದನ್ನೇ. 'ಇದು ಪರೀಕ್ಷೆಯ ಯಂತ್ರವಷ್ಟೆ, ಇದರಲ್ಲಿ ಏನಿದೆ ಕದಿಯಲು?' ಎಂಬ ಉದಾಸೀನ ಎಲ್ಲ ಕಡೆಯೂ ಇದೆ. ಇದರ ಬೆಲೆ ಎಷ್ಟು ಎಂಬುದಕ್ಕೆ ದೊಡ್ಡ ಸಂಸ್ಥೆಯೊಂದರ ಉದಾಹರಣೆಯೇ ಇದೆ.

2023ರ ನವೆಂಬರ್ ಕೊನೆಯಲ್ಲಿ, ರಷ್ಯಾ ಸರಕಾರದ ಬೆಂಬಲವಿದೆ ಎನ್ನಲಾದ ಒಂದು ತಂಡ ಮೈಕ್ರೋಸಾಫ್ಟ್ ಸಂಸ್ಥೆಯ ಗಣಕ ಜಾಲದೊಳಗೆ ನುಗ್ಗಿತು. ಅದು ಮುಂಬಾಗಿಲಿನಿಂದ ಬರಲಿಲ್ಲ. ಸಂಸ್ಥೆಯ ಒಂದು ಹಳೆಯ ಪರೀಕ್ಷಾ ನೆಲೆಯಲ್ಲಿ ಒಂದು ಖಾತೆ ಉಳಿದುಕೊಂಡಿತ್ತು. ಜನ ಸಾಮಾನ್ಯವಾಗಿ ಇಡುವ ಕೆಲವು ಪಾಸ್‌ವರ್ಡ್‌ಗಳನ್ನು ಹಲವು ಖಾತೆಗಳ ಮೇಲೆ ಪ್ರಯೋಗಿಸುತ್ತಾ ಹೋದ ಆ ತಂಡಕ್ಕೆ ಈ ಖಾತೆ ತೆರೆದುಕೊಂಡಿತು. ಮೊಬೈಲಿಗೆ ಬರುವ ಅಂಕಿಯಂತಹ ಎರಡನೆಯ ರುಜುವಾತನ್ನು ಆ ಖಾತೆಗೆ ಅಳವಡಿಸಿರಲಿಲ್ಲ. ಇಷ್ಟಾದರೂ ಹಾನಿ ಆ ಕೋಣೆಯೊಳಗೇ ನಿಲ್ಲಬೇಕಿತ್ತು. ಆದರೆ ಅಲ್ಲಿ ಹಿಂದೆ ಪರೀಕ್ಷೆಗೆಂದು ಮಾಡಿದ ಒಂದು ತಂತ್ರಾಂಶಕ್ಕೆ ಸಂಸ್ಥೆಯ ನಿಜವಾದ ನೆಲೆಯಲ್ಲಿ ದೊಡ್ಡ ಅಧಿಕಾರ ಕೊಡಲಾಗಿತ್ತು. ಯಾರೂ ಅದನ್ನು ಹಿಂದಕ್ಕೆ ಪಡೆದಿರಲಿಲ್ಲ. ಆ ತಂತ್ರಾಂಶವನ್ನೇ ಸೇತುವೆ ಮಾಡಿಕೊಂಡು ನುಸುಳುಕೋರರು ಹಿರಿಯ ಅಧಿಕಾರಿಗಳ ಅಂಚೆಯನ್ನೂ ಓದಿದರು. ಸಂಸ್ಥೆಗೆ ಇದು ತಿಳಿದದ್ದು 2024ರ ಜನವರಿ 12ರಂದು. ತೆರೆಯಬಾರದ ಬಾಗಿಲು ತೆರೆದರೆ ಮೌನ ಎಂದೆನಲ್ಲ? ಇಲ್ಲಿ ಆ ಮೌನ ಹಲವು ವಾರ ನಡೆಯಿತು.

ಈ ಘಟನೆಯ ಪಾಠವೇನು? ಪರೀಕ್ಷೆಯ ಕೋಣೆಯೂ ಒಂದು ಬಾಗಿಲೇ. ಅಲ್ಲಿನ ಯಾವ ಖಾತೆಗೂ, ಯಾವ ತಂತ್ರಾಂಶಕ್ಕೂ ಬಳಕೆಯ ಕೋಣೆಯ ಕೀಲಿಕೈ ಇರಬಾರದು. ಪರೀಕ್ಷೆ ಮುಗಿದ ದಿನವೇ ಅದಕ್ಕಾಗಿ ಕೊಟ್ಟ ಅನುಮತಿಗಳನ್ನು ಹಿಂದಕ್ಕೆ ಪಡೆಯಬೇಕು. ಅನುಮತಿ ಕೊಡುವಾಗಲೇ ಅದು ಮುಗಿಯುವ ದಿನಾಂಕವನ್ನೂ ಬರೆದಿಡುವುದು ಒಳ್ಳೆಯ ಕ್ರಮ. ಒಂದು ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು, ಹೆಚ್ಚಿಲ್ಲ ಎಂಬ ತತ್ವವನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ವಿಜ್ಞಾನಿಗಳು 1975ರಲ್ಲಿಯೇ ಬರೆದಿಟ್ಟಿದ್ದಾರೆ. ತತ್ವ ಹಳೆಯದು, ಪಾಲನೆ ಇನ್ನೂ ಕಷ್ಟ.

ಈಗ ಕೋಣೆಯಿಂದ ಕೋಣೆಗೆ ಸಾಗಾಟದ ಮಾತು. ತಂತ್ರಾಂಶ ಒಂದೇ ದಿಕ್ಕಿನಲ್ಲಿ ಚಲಿಸಬೇಕು: ರಚನೆಯಿಂದ ಪರೀಕ್ಷೆಗೆ, ಪರೀಕ್ಷೆಯಿಂದ ಬಳಕೆಗೆ. ಬಳಕೆಯ ಕೋಣೆಯಲ್ಲಿ ತಪ್ಪು ಕಂಡರೆ ಅಲ್ಲಿಯೇ ತಿದ್ದುವ ಆಸೆಯಾಗುತ್ತದೆ. ಹಾಗೆ ಮಾಡಬಾರದು. ರಚನೆಯ ಕೋಣೆಗೆ ಹಿಂದಿರುಗಿ, ತಿದ್ದಿ, ಮತ್ತೆ ಅದೇ ದಾರಿಯಲ್ಲಿ ಬರಬೇಕು. ಬರೆದವರೇ ಅದನ್ನು ಬಳಕೆಗೆ ಬಿಡುಗಡೆ ಮಾಡಬಾರದು; ಇನ್ನೊಬ್ಬರು ನೋಡಿ ಒಪ್ಪಿಗೆ ಕೊಡಬೇಕು. ಪ್ರಶ್ನೆಪತ್ರಿಕೆ ಬರೆದವರೇ ಉತ್ತರವನ್ನೂ ಬರೆದು ಮೌಲ್ಯಮಾಪನವನ್ನೂ ಮಾಡಿದರೆ ಹೇಗಿರುತ್ತದೆ, ಯೋಚಿಸಿ.

ತಾನು ಯಾವ ಕೋಣೆಯಲ್ಲಿದ್ದೇನೆ ಎಂಬುದು ಕೆಲಸ ಮಾಡುವವನ ಕಣ್ಣಿಗೆ ಕಾಣಬೇಕು. ತಂತ್ರಾಂಶ ಬರೆಯುವವರು ತಮ್ಮ ಬರಹವನ್ನು ಸಂಗ್ರಹಿಸಿಡಲು ನೆರವಾಗುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಒಬ್ಬ ತಂತ್ರಜ್ಞ ಎರಡು ಯಂತ್ರಗಳ ನಡುವೆ ಗೊಂದಲಕ್ಕೊಳಗಾದರು. ಜೊತೆಯ ಯಂತ್ರದ ಮಾಹಿತಿಯನ್ನು ಅಳಿಸಬೇಕಾಗಿತ್ತು. ಆದೇಶ ಹೋದದ್ದು ಮುಖ್ಯ ಯಂತ್ರಕ್ಕೆ. ಒಂದೆರಡು ಕ್ಷಣಗಳಲ್ಲಿ ತಡೆದರೂ, ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ ನಾಲ್ಕೂವರೆಯಷ್ಟು ಮಾತ್ರ ಉಳಿಯಿತು. ಆಪತ್ತಿಗೆಂದು ಮಾಡಿದ್ದ ಪ್ರತಿಗಳು ಕೆಲಸಕ್ಕೆ ಬರಲಿಲ್ಲ. ಆರು ಗಂಟೆಗಳ ಹಿಂದೆ ಪರೀಕ್ಷೆಯ ನೆಲೆಗೆಂದು ತೆಗೆದಿದ್ದ ಒಂದು ಪ್ರತಿ ಅದೃಷ್ಟವಶಾತ್ ಇತ್ತು. ಅದರಿಂದ ವ್ಯವಸ್ಥೆ ಮರಳಿತು. ಆದರೆ ನಡುವಿನ ಆರು ಗಂಟೆಗಳ ಕೆಲಸ ಹೋಯಿತು. ಅನಂತರ ಅವರು ಪಟ್ಟಿ ಮಾಡಿದ ಸುಧಾರಣೆಗಳಲ್ಲಿ ಒಂದು, ಬಳಕೆಯ ಯಂತ್ರದ ಪರದೆಗೆ ಕೆಂಪು ಬಣ್ಣ, ಪರೀಕ್ಷೆಯ ಯಂತ್ರಕ್ಕೆ ಹಳದಿ ಬಣ್ಣ ಕೊಡುವುದು. ಸ್ಟುಡಿಯೋ ಬಾಗಿಲ ಕೆಂಪು ದೀಪವೇ ಗಣಕಯಂತ್ರದ ಪರದೆಗೂ ಬಂದಂತಾಯಿತು!

ಇನ್ನೊಂದು ಸೂಕ್ಷ್ಮವಿದೆ. ಪ್ರವೇಶ ನಿಯಂತ್ರಣದಲ್ಲಿ ತಂತ್ರಾಂಶ ಅಪರೂಪಕ್ಕೆ ಬದಲಾಗುತ್ತದೆ. ನಿಯಮಗಳು ಮಾತ್ರ ಆಗಾಗ ಬದಲಾಗುತ್ತಿರುತ್ತವೆ. 'ಬರೀ ಒಂದು ನಿಯಮ ಸೇರಿಸಿದ್ದಲ್ಲವೆ, ಅದಕ್ಕೇಕೆ ಮೂರು ಕೋಣೆ ಸುತ್ತಬೇಕು?' ಎಂದು ಕೇಳುವವರಿದ್ದಾರೆ. ಅವರಿಗೆ 2024ರ ಜುಲೈ 19ನ್ನು ನೆನಪಿಸಬೇಕು. ಗಣಕಯಂತ್ರಗಳಿಗೆ ಕಾವಲು ತಂತ್ರಾಂಶ ಒದಗಿಸುವ ಕ್ರೌಡ್‌ಸ್ಟ್ರೈಕ್ ಸಂಸ್ಥೆ ಅಂದು ಕಳಿಸಿದ್ದು ಹೊಸ ತಂತ್ರಾಂಶವನ್ನಲ್ಲ, ಯಾವುದನ್ನು ಗಮನಿಸಬೇಕು ಎಂದು ಹೇಳುವ ಒಂದು ಸಣ್ಣ ಕಡತವನ್ನು. ಯಂತ್ರಗಳಲ್ಲಿದ್ದ ತಂತ್ರಾಂಶ 20 ವಿವರಗಳನ್ನು ಒದಗಿಸುತ್ತಿತ್ತು. ಹೊಸ ಕಡತ 21ನೆಯದನ್ನೂ ಓದಲು ಹೇಳಿತು. ಕಡತವನ್ನು ತಪಾಸಣೆ ಮಾಡುವ ಕ್ರಮವಿಧಿಯಲ್ಲೇ ದೋಷವಿದ್ದುದರಿಂದ ಅದು ತಡೆಯಲಿಲ್ಲ. ನಮ್ಮ ಕಾಲಮಾನದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಅದು ಹೊರಟಿತು. 78 ನಿಮಿಷಗಳಲ್ಲಿ ಹಿಂದಕ್ಕೆ ಪಡೆದರು. ಅಷ್ಟರೊಳಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಮೊದಲು ಕೆಲವೇ ಯಂತ್ರಗಳಿಗೆ ಕಳಿಸಿ, ಸ್ವಲ್ಪ ಹೊತ್ತು ಕಾದು, ಬಳಿಕ ಉಳಿದವಕ್ಕೆ ಕಳಿಸಿದ್ದರೆ ಹಾನಿ ಆ ಕೆಲವಕ್ಕೇ ಸೀಮಿತವಾಗುತ್ತಿತ್ತು. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡುವುದಿಲ್ಲವೆ, ಹಾಗೆ. ಆದ್ದರಿಂದ ನಿಯಮವೂ ತಂತ್ರಾಂಶವೇ ಎಂದು ತಿಳಿದು, ಅದನ್ನೂ ಮೂರು ಕೋಣೆಗಳ ಮೂಲಕವೇ ಸಾಗಿಸಬೇಕು.

ಕೊನೆಯದಾಗಿ, ಬೀಗ ತನ್ನ ಯಜಮಾನನನ್ನೇ ಹೊರಗಿಟ್ಟರೆ? 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಯ ಜಾಲ ಸುಮಾರು ಆರು ಗಂಟೆ ಕಾಲ ಸ್ತಬ್ಧವಾಯಿತು. ನಿರ್ವಹಣೆಗಾಗಿ ಕೊಟ್ಟ ಒಂದು ಆದೇಶ ಅದರ ಬೆನ್ನೆಲುಬಾದ ಸಂಪರ್ಕಗಳನ್ನೇ ಕಡಿದುಹಾಕಿತ್ತು. ದುರಸ್ತಿಯ ಸಾಧನಗಳೂ ಅದೇ ಜಾಲದಲ್ಲಿದ್ದವು! ತಂತ್ರಜ್ಞರು ಯಂತ್ರಗಳಿರುವ ಕಟ್ಟಡಗಳಿಗೇ ಹೋಗಬೇಕಾಯಿತು. ಅಲ್ಲಿನ ಭದ್ರತೆಯನ್ನು ದಾಟಿ ಕೆಲಸ ಆರಂಭಿಸಲು ಸಮಯ ಹಿಡಿಯಿತು. ಅದಕ್ಕೇ ಯೋಜನೆಯಲ್ಲಿ ಎರಡು ವಿಷಯ ಇರಲೇಬೇಕು. ಒಂದು, ಹೊಸದು ಕೆಟ್ಟರೆ ಹಳೆಯದಕ್ಕೆ ಮರಳುವ ದಾರಿ. ಇನ್ನೊಂದು, ಲಕೋಟೆಯಲ್ಲಿಟ್ಟು ಮುದ್ರೆ ಹಾಕಿದ ತುರ್ತು ಕೀಲಿಕೈ. ಅದನ್ನು ಯಾರು, ಯಾವಾಗ, ಏಕೆ ತೆರೆದರು ಎಂಬುದು ದಾಖಲಾಗಬೇಕು. ಈ ಎರಡನ್ನೂ ಪರೀಕ್ಷೆಯ ಕೋಣೆಯಲ್ಲಿ ಅಭ್ಯಾಸ ಮಾಡಿ ನೋಡಿರಬೇಕು.

ನಿಮ್ಮಲ್ಲಿ ಕೆಲವರು ನಾಳೆ ತಂತ್ರಾಂಶ ಬರೆಯುವವರಾಗುತ್ತೀರಿ. ಈಗಲೇ ಒಂದು ಪ್ರಯೋಗ ಮಾಡಬಹುದು. ನಿಮ್ಮ ಗ್ರಂಥಾಲಯಕ್ಕೆ ಒಂದು ಸಣ್ಣ ತಂತ್ರಾಂಶ ಬರೆಯುವ ಕೆಲಸ ಸಿಕ್ಕಿದರೆ, ಮೊದಲ ದಿನ ಗಣಕಯಂತ್ರವನ್ನು ಮುಟ್ಟಬೇಡಿ. ಒಂದು ಹಾಳೆ ತೆಗೆದುಕೊಳ್ಳಿ. ಪಾತ್ರಗಳು ಯಾವುವು, ಕೆಲಸಗಳು ಯಾವುವು ಎಂದು ಕೋಷ್ಟಕ ಬರೆಯಿರಿ. 'ಇಲ್ಲ' ಎಂಬ ಮನೆಗಳನ್ನು ಎಣಿಸಿ. ಪರೀಕ್ಷೆಗೆ ಬೇಕಾದ ಕಲ್ಪಿತ ಹೆಸರುಗಳ ಪಟ್ಟಿ ಮಾಡಿ. ಯಾವ ಕೋಣೆಯ ಕೀಲಿಕೈ ಯಾರ ಬಳಿ, ಎಲ್ಲಿಯವರೆಗೆ ಎಂದು ಬರೆಯಿರಿ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಒಪ್ಪಿಗೆ ಕೊಡುವವರು ಯಾರು, ಕೆಟ್ಟರೆ ಮರಳುವುದು ಹೇಗೆ ಎಂದೂ ಬರೆಯಿರಿ. ಆ ಹಾಳೆಯನ್ನು ಗೆಳೆಯರೊಬ್ಬರಿಗೆ ಕೊಟ್ಟು, 'ಇದರಲ್ಲಿ ನುಸುಳುವ ದಾರಿ ಎಲ್ಲಿದೆ, ಹುಡುಕಿ ಕೊಡು' ಎಂದು ಕೇಳಿ.

ಉಳಿದವರು ತಂತ್ರಾಂಶ ಬರೆಯದಿರಬಹುದು. ಆದರೆ ವೈದ್ಯರಾಗಿ, ಶಿಕ್ಷಕರಾಗಿ, ಅಧಿಕಾರಿಗಳಾಗಿ ಇತರರ ಮಾಹಿತಿಯನ್ನು ಕಾಯುವ ಹೊಣೆ ನಿಮ್ಮ ಮೇಲೆ ಬಂದೇ ಬರುತ್ತದೆ. ಆಗ ನಿಮ್ಮ ಕಚೇರಿಗೆ ಹೊಸ ತಂತ್ರಾಂಶ ತಂದವರನ್ನು ಎರಡು ಪ್ರಶ್ನೆ ಕೇಳಿ: 'ಇದನ್ನು ಎಲ್ಲಿ ಪರೀಕ್ಷಿಸಿದಿರಿ? ಆ ಪರೀಕ್ಷೆಯ ಕೋಣೆಗೆ ಬೀಗ ಹಾಕಿದ್ದೀರಾ?' ಮೊದಲನೆಯದಕ್ಕೆ ಉತ್ತರ ಎಲ್ಲರ ಬಳಿಯೂ ಇರುತ್ತದೆ. ಎರಡನೆಯದಕ್ಕೂ ಉತ್ತರ ಕೊಡಬಲ್ಲವರಿಗೆ ನಿಮ್ಮ ಜನರ ಮಾಹಿತಿಯನ್ನು ಒಪ್ಪಿಸಿ.